ವಿಲಿಯಂ ಫಾರ್: ರೋಗಗಳಿಗೆ ಲೆಕ್ಕವಿಟ್ಟವನು

ಮನುಷ್ಯನ ಎಚ್ಚರ ಮಸುಕಾಗುವ ಅವಸ್ಥೆಗಳನ್ನು ಹೇಳುವುದಕ್ಕೆ ನಮ್ಮ ಭಾಷೆಯಲ್ಲಿ ಮಾತುಗಳ ಬಡತನವಿಲ್ಲ. ಮಂಪರು, ಮೂರ್ಛೆ, ಮೈಮರೆವು, ಸನ್ನಿ, ಭ್ರಾಂತಿ, ಅರಳುಮರಳು, ಜ್ಞಾನ ತಪ್ಪುವುದು: ಒಂದೊಂದು ಮಾತಿಗೂ ಅದರದೇ ಆದ ಛಾಯೆಯುಂಟು. ಆದರೆ ಈ ಮಾತುಗಳೆಲ್ಲ ಹಾಸಿಗೆಯ ಬಳಿ ನಿಂತವನು ಕಂಡದ್ದನ್ನು ಹೇಳುತ್ತವೆಯೇ ಹೊರತು, ಮಲಗಿದವನಿಗೆ ಏಕೆ ಹಾಗಾಯಿತೆಂಬುದನ್ನು ಹೇಳುವುದಿಲ್ಲ. ಕೂಸು ಕೈಕಾಲು ಸೆಟೆದುಕೊಂಡು ಕಣ್ಣು ಮೇಲೆ ಮಾಡಿದರೆ ಬಾಲಗ್ರಹವೆಂದರು. ಹೆಸರೇ ಕಾರಣವನ್ನೂ ಹೇಳಿಬಿಟ್ಟಂತೆ ತೋರಿ, ಅಲ್ಲಿಗೆ ವಿಚಾರಣೆ ನಿಂತುಹೋಯಿತು. ಭಾಷೆಯನ್ನು ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನನಗೆ, ಹೆಸರೊಂದು ಹೀಗೆ ಅರಿವಿನ ಬಾಗಿಲನ್ನು ತೆರೆಯುವುದರ ಬದಲು ಮುಚ್ಚಿಬಿಡುವ ಸಂಗತಿ ಬಹುಕಾಲದಿಂದ ಕುತೂಹಲದ ವಿಷಯವಾಗಿದೆ. ಆ ಕುತೂಹಲವೇ ನನ್ನನ್ನು ವಿಲಿಯಂ ಫಾರ್ ಎಂಬ ಆಂಗ್ಲ ವೈದ್ಯನ ಜೀವಿತದ ಕಡೆಗೆ ಕೊಂಡೊಯ್ದಿತು. ಇಂದು ಆಸ್ಪತ್ರೆಯ ಕಾಗದಗಳ ಮೂಲೆಯಲ್ಲಿ ಒಂದು ಅಕ್ಷರ, ಎರಡು ಮೂರು ಅಂಕಿಗಳ ರೂಪದಲ್ಲಿ ಕಾಣುವ ರೋಗಸಂಕೇತಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಅದರ ಮೊದಲ ಪುರುಷರಲ್ಲಿ ಈತನನ್ನು ಕಾಣುತ್ತೇವೆ.

ಫಾರ್ ಹುಟ್ಟಿದ್ದು 1807ರ ನವೆಂಬರ್ 30ರಂದು, ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಕೆನ್ಲಿ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಬಡವರು. ಡಾರಿಂಗ್‌ಟನ್ ಗ್ರಾಮದ ಜೋಸೆಫ್ ಪ್ರೈಸ್ ಎಂಬ ಅನುಕೂಲಸ್ಥ ಮುದುಕನು ಹುಡುಗನನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡು ಸಾಕಿದನು. ಶ್ರೂಸ್‌ಬರಿಯ ಧರ್ಮಾಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಸಹಾಯಕನಾಗಿ ಫಾರನ ವೈದ್ಯಜೀವನ ಮೊದಲಾಯಿತು. 1828ರಲ್ಲಿ ಪ್ರೈಸ್ ತೀರಿಕೊಂಡಾಗ ಸಾಕುಮಗನಿಗೆಂದು 500 ಪೌಂಡು ಬಿಟ್ಟುಹೋಗಿದ್ದನು. ಆ ಹಣವನ್ನು ಫಾರ್ ವಿದ್ಯೆಗಾಗಿ ವ್ಯಯಮಾಡಿದನು. 1829ರಲ್ಲಿ ಪ್ಯಾರಿಸ್ಸಿಗೆ ಹೋಗಿ, ರೋಗಿಗಳ ಸಂಖ್ಯೆಯನ್ನು ಎಣಿಸಿ ಚಿಕಿತ್ಸೆಯ ಫಲವನ್ನು ಅಳೆಯಬೇಕೆಂದು ಬೋಧಿಸುತ್ತಿದ್ದ ಹೊಸ ಪಂಥದ ವೈದ್ಯರ ಉಪನ್ಯಾಸಗಳನ್ನು ಕೇಳಿದನು. ಲಂಡನ್ನಿಗೆ ಹಿಂದಿರುಗಿ 1832ರಲ್ಲಿ ವೈದ್ಯವೃತ್ತಿಯ ಪರವಾನಗಿಯನ್ನು ಪಡೆದನು, ಮರುವರ್ಷ ಮದುವೆಯಾದನು. ವೃತ್ತಿ ಕೈಹಿಡಿಯಲಿಲ್ಲ. 1837ರಲ್ಲಿ ಹೆಂಡತಿ ಕ್ಷಯರೋಗದಿಂದ ತೀರಿಹೋದಳು.

ಅದೇ ವರ್ಷದ ಜುಲೈ 1ರಿಂದ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಆರಂಭವಾಗಿದ್ದಿತು. ಮರಣದ ದಾಖಲೆಯಲ್ಲಿ ಕಾರಣಕ್ಕೂ ಒಂದು ಅಂಕಣವಿದ್ದಿತು. ಕೆಲವೇ ದಿನಗಳಲ್ಲಿ ಲಂಡನ್ನಿನ ಕೇಂದ್ರ ಕಚೇರಿಯಲ್ಲಿ ಚೀಟಿಗಳ ರಾಶಿ ಬೆಳೆಯಿತು. ಅವುಗಳನ್ನು ಅರ್ಥಮಾಡಿ ಸಾರಾಂಶ ತೆಗೆಯಬಲ್ಲ ವೈದ್ಯನೊಬ್ಬ ಬೇಕಾಯಿತು. ಆ ಕೆಲಸ ಫಾರನಿಗೆ ದೊರೆಯಿತು. ಸುಮಾರು 40 ವರ್ಷ ಆತನು ಅದನ್ನು ಬಿಡಲಿಲ್ಲ.

ಆ ಚೀಟಿಗಳಲ್ಲಿ ಏನಿತ್ತೆಂಬುದನ್ನು ಊಹಿಸಿಕೊಂಡರೆ ಫಾರನ ಮುಂದಿದ್ದ ಕಷ್ಟ ತಿಳಿಯುತ್ತದೆ. ಒಬ್ಬನು ‘ಸೆಳವು’ ಎಂದು ಬರೆಸಿದ್ದಾನೆ. ಇನ್ನೊಬ್ಬನು ‘ಮಿದುಳಿನ ಬೇನೆ’ ಎಂದಿದ್ದಾನೆ. ಮತ್ತೊಬ್ಬನು ಬರಿಯ ‘ನಿಶ್ಶಕ್ತಿ’ ಎಂದು ಕೈತೊಳೆದುಕೊಂಡಿದ್ದಾನೆ. ಒಂದೇ ರೋಗಕ್ಕೆ ಊರಿಗೊಂದು ಹೆಸರು. ಒಂದೇ ಹೆಸರಿನಡಿಯಲ್ಲಿ ಹತ್ತು ರೋಗ. ಸಾವಿರಾರು ಶಿಶುಗಳು ಸೆಳವಿನಿಂದ ಸತ್ತವೆಂದು ದಾಖಲೆಯಾಗುತ್ತಿದ್ದವು. ಸೆಳವು ಬಂದದ್ದು ಜ್ವರದಿಂದಲೋ, ಮಿದುಳಿನ ಪೊರೆಯ ಉರಿಯೂತದಿಂದಲೋ, ಭೇದಿಯಿಂದ ಮೈಯ ನೀರು ಬತ್ತಿದ್ದರಿಂದಲೋ, ಚೀಟಿ ಹೇಳುತ್ತಿರಲಿಲ್ಲ. ರೋಗದ ಕಡೆಯ ಘಳಿಗೆಯೇ ರೋಗವೆಂದು ಎಣಿಕೆಯಾಗುತ್ತಿದ್ದಿತು.

ಇವುಗಳನ್ನು ವಿಂಗಡಿಸಲು ಕೈಗೆ ಸಿಕ್ಕುತ್ತಿದ್ದುದು ಎಡಿನ್‌ಬರೋದ ವಿಲಿಯಂ ಕಲನ್ ಹಿಂದಿನ ಶತಮಾನದಲ್ಲಿ ರಚಿಸಿದ್ದ ವರ್ಗೀಕರಣ. ಸಸ್ಯಗಳನ್ನು ಕುಲ, ಜಾತಿಗಳಾಗಿ ವಿಂಗಡಿಸುವ ಕ್ರಮವನ್ನೇ ಕಲನ್ ರೋಗಗಳಿಗೂ ಅನ್ವಯಿಸಿದ್ದನು. ನರಸಂಬಂಧವಾದ ರೋಗಗಳ ವರ್ಗದಲ್ಲಿ ಆತನು ನಾಲ್ಕು ಗಣಗಳನ್ನು ಮಾಡಿದ್ದನು. ಎಚ್ಚರವಾಗಲಿ ಚಲನೆಯಾಗಲಿ ಉಡುಗಿಹೋಗುವ ರೋಗಗಳದು ಒಂದು ಗಣ. ಆಘಾತವಾಯುವೂ ಪಾರ್ಶ್ವವಾಯುವೂ ಅದರಲ್ಲಿ ಸೇರಿದ್ದವು. ಕ್ಷಣಕಾಲದ ಮೂರ್ಛೆಯು ಶಕ್ತಿಹ್ರಾಸದ ಗಣಕ್ಕೆ, ಸೆಟೆತಗಳು ಮೂರನೆಯದಕ್ಕೆ, ಬುದ್ಧಿಭ್ರಮಣೆ ನಾಲ್ಕನೆಯದಕ್ಕೆ ಸೇರಿದ್ದವು. ಹೊರಗೆ ಕಾಣುವ ಲಕ್ಷಣವೇ ಇಲ್ಲಿ ಕುಲವನ್ನು ನಿರ್ಣಯಿಸುತ್ತಿದ್ದಿತು. ಕಲನ್ ಗತಿಸಿದ್ದು 1790ರಲ್ಲಿ. ಅಲ್ಲಿಂದೀಚೆಗೆ ವೈದ್ಯವಿದ್ಯೆ ಬಹುದೂರ ನಡೆದಿದ್ದರೂ ಅವನ ಪಟ್ಟಿ ಪರಿಷ್ಕಾರವಾಗಿರಲಿಲ್ಲ.

1839ರಲ್ಲಿ ರಿಜಿಸ್ಟ್ರಾರ್ ಜನರಲ್‌ರ ಮೊದಲ ವಾರ್ಷಿಕ ವರದಿ ಹೊರಬಂದಾಗ ಫಾರ್ ಅದಕ್ಕೊಂದು ದೀರ್ಘ ಪತ್ರವನ್ನು ಜೋಡಿಸಿ ತನ್ನ ವರ್ಗೀಕರಣವನ್ನು ಮುಂದಿಟ್ಟನು. ಭೌತಶಾಸ್ತ್ರಗಳಿಗೆ ತೂಕ ಅಳತೆಗಳು ಎಷ್ಟು ಮುಖ್ಯವೋ ಈ ವಿದ್ಯೆಗೆ ನಿಶ್ಚಿತವಾದ ಹೆಸರುಗಳು ಅಷ್ಟೇ ಮುಖ್ಯವೆಂದು ಅದರಲ್ಲಿ ಪ್ರತಿಪಾದಿಸಿದನು. ಅಂಟಿ ಹರಡುವ ರೋಗಗಳನ್ನು ಒಂದು ಕಡೆ ಇರಿಸಿ, ಉಳಿದವುಗಳನ್ನು ಅವು ನೆಲೆಸಿದ ಅಂಗಕ್ಕೆ ಅನುಸಾರವಾಗಿ ಹಂಚಿ, ಅಪಘಾತ ಮುಂತಾದ ಹಠಾತ್ ಮರಣಗಳನ್ನು ಬೇರೆಯಾಗಿಟ್ಟನು. ಮಿದುಳಿನ ಉರಿಯೂತ, ಆಘಾತವಾಯು, ಕುಡುಕರ ಸನ್ನಿ, ಅಪಸ್ಮಾರ, ಧನುರ್ವಾಯು, ಹುಚ್ಚು, ಸೆಳವು ಇವೆಲ್ಲ ನರಮಂಡಲದ ಶೀರ್ಷಿಕೆಯಡಿಯಲ್ಲಿ ಬಂದವು. ಈ ವಿಂಗಡಣೆಯೂ ನಿರ್ದುಷ್ಟವಾಗಿರಲಿಲ್ಲ. ಆದರೆ ಏನು ಕಂಡಿತು ಎಂಬ ಪ್ರಶ್ನೆಯಿಂದ ಎಲ್ಲಿ ಕೆಟ್ಟಿತು ಎಂಬ ಪ್ರಶ್ನೆಗೆ ದೃಷ್ಟಿ ತಿರುಗಿದ್ದಿತು. ನನ್ನ ಭಾವನೆಯಲ್ಲಿ ಫಾರನ ಕೊಡುಗೆಯ ತಿರುಳು ಇದೇ.

ಹೆಸರಿನ ಪ್ರಶ್ನೆ ಬರಿಯ ಪಂಡಿತರ ಚರ್ಚೆಯಲ್ಲವೆಂಬುದು ಆಗಲೇ ಗೊತ್ತಾಯಿತು. ಅದೇ ಮೊದಲ ವರದಿಯಲ್ಲಿ ಫಾರ್ 63 ಮರಣಗಳನ್ನು ಉಪವಾಸದಿಂದ ಆದವೆಂದು ತೋರಿಸಿದ್ದನು. ಬಡವರ ಕಾನೂನಿನ ಆಡಳಿತ ಮಂಡಲಿಯ ಕಾರ್ಯದರ್ಶಿಯಾಗಿದ್ದ ಎಡ್ವಿನ್ ಚಾಡ್ವಿಕ್ಕನಿಗೆ ಇದು ಸಹನೆಯಾಗಲಿಲ್ಲ. ದೇಶದಲ್ಲಿ ಅನ್ನವಿಲ್ಲದೆ ಜನ ಸಾಯುತ್ತಾರೆಂದು ಸರ್ಕಾರದ ಪುಸ್ತಕವೇ ಹೇಳಿದರೆ ಅವನ ಮಂಡಲಿಯ ಮರ್ಯಾದೆ ಉಳಿಯುವುದೆಂತು? ಆ ಮರಣಗಳಿಗೆ ಬೇರೆ ಕಾರಣಗಳಿದ್ದವೆಂದು ಆತನು ವಾದಿಸಿದನು. ಫಾರ್ ಹಿಂಜರಿಯಲಿಲ್ಲ. ಹಸಿವು ನೇರವಾಗಿ ಕೊಲ್ಲುವುದು ವಿರಳವೆಂದೂ, ಅದು ದೇಹವನ್ನು ಸಡಿಲಿಸಿ ಇತರ ರೋಗಗಳ ಕೈಗೆ ಒಪ್ಪಿಸುವುದರಿಂದ ಅದರ ನಿಜವಾದ ಬಲಿ ಪಟ್ಟಿಯಲ್ಲಿ ಕಂಡದ್ದಕ್ಕಿಂತ ಹೆಚ್ಚೆಂದೂ ಉತ್ತರವಿತ್ತನು. ಈ ವಿವಾದವನ್ನು ಓದಿದಾಗಲೆಲ್ಲ ನನಗೆ ಒಂದು ಮಾತು ಹೊಳೆಯುತ್ತದೆ: ನಿಶ್ಶಕ್ತಿಯೆಂದು ಬರೆದರೆ ಯಾರೂ ಹೊಣೆಗಾರರಲ್ಲ, ಉಪವಾಸವೆಂದು ಬರೆದರೆ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತದೆ. ಮಸುಕಾದ ಮಾತು ಬಹಳ ಸಲ ಅಜ್ಞಾನದ ಫಲವಾಗಿರುವಂತೆಯೇ ಅನುಕೂಲದ ಫಲವೂ ಆಗಿರುತ್ತದೆ.

ಬುದ್ಧಿ ಕೆಟ್ಟವರ ವಿಷಯದಲ್ಲಿಯೂ ಫಾರ್ ಇದೇ ನಿಷ್ಠುರತೆಯನ್ನು ತೋರಿದನು. 1841ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಹುಚ್ಚರ ಮರಣಪ್ರಮಾಣವನ್ನು ಕುರಿತ ಲೇಖನವನ್ನು ಪ್ರಕಟಿಸಿ, ಆಶ್ರಯಾಲಯಗಳಲ್ಲಿ ಇರಿಸಿದವರು ಸಾಮಾನ್ಯ ಜನರಿಗಿಂತ ಅನೇಕ ಪಾಲು ಹೆಚ್ಚಾಗಿ ಸಾಯುತ್ತಾರೆಂದು ಲೆಕ್ಕಹಾಕಿ ತೋರಿಸಿದನು. ಹುಚ್ಚನು ಸತ್ತರೆ ಹುಚ್ಚಿನಿಂದಲೇ ಸತ್ತನೆಂದು ಸುಮ್ಮನಾಗುವ ಲೋಕಕ್ಕೆ ಈ ಅಂಕಿಗಳು ಬೇರೊಂದು ವಿಚಾರವನ್ನು ಸೂಚಿಸಿದವು.

ಆತನು ಹಟಮಾರಿಯಾಗಿರಲಿಲ್ಲವೆಂಬುದಕ್ಕೆ ಕಾಲರಾ ವೃತ್ತಾಂತವೇ ಸಾಕ್ಷಿ. 1849ರ ಪಿಡುಗಿನ ಅಂಕಿಗಳಿಂದ, ನೆಲ ತಗ್ಗಾದಷ್ಟೂ ಸಾವು ಹೆಚ್ಚೆಂಬ ನಿಯಮವನ್ನು ಕಂಡು, ದುರ್ವಾಯುವೇ ಮೂಲವೆಂದು ಬಗೆದಿದ್ದನು. ನೀರೇ ರೋಗವಾಹಕವೆಂಬ ಜಾನ್ ಸ್ನೋ ವೈದ್ಯನ ಸಿದ್ಧಾಂತಕ್ಕೆ ಕ್ರಮೇಣ ಮನಸ್ಸು ತೆರೆದು, 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಜನ ಸತ್ತಾಗ ಕಲುಷಿತವಾದ ನಲ್ಲಿ ನೀರಿನ ಕಡೆಗೆ ತಾನೇ ಬೆರಳು ತೋರಿದನು.

1845ರಲ್ಲಿ ಮರಣಕಾರಣವನ್ನು ಬರೆಯುವ ಅಚ್ಚಾದ ನಮೂನೆಗಳ ಪುಸ್ತಕಗಳು ವೈದ್ಯರಿಗೆ ಹಂಚಲ್ಪಟ್ಟವು; 1874ರ ಕಾನೂನು ವೈದ್ಯರ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಇದರ ನಡುವೆ, 1853ರಲ್ಲಿ ಬ್ರಸೆಲ್ಸ್ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನವು ಎಲ್ಲ ದೇಶಗಳಿಗೂ ಸಲ್ಲುವ ಪಟ್ಟಿಯೊಂದನ್ನು ಸಿದ್ಧಪಡಿಸುವಂತೆ ಫಾರನನ್ನೂ ಜಿನೀವಾದ ಮಾರ್ಕ್ ದೆಸ್ಪಿನ್ ಎಂಬುವನನ್ನೂ ಕೇಳಿಕೊಂಡಿತು. ಇಬ್ಬರೂ 1855ರಲ್ಲಿ ಪ್ಯಾರಿಸ್ಸಿನಲ್ಲಿ ಬೇರೆ ಬೇರೆ ಪಟ್ಟಿಗಳನ್ನು ತಂದರು. ಸಮ್ಮೇಳನವು ಎರಡನ್ನೂ ಹೊಂದಿಸಿ 139 ಶೀರ್ಷಿಕೆಗಳ ಪಟ್ಟಿಯನ್ನು ಒಪ್ಪಿತು. 1864ರ ಪರಿಷ್ಕಾರದಲ್ಲಿ ಫಾರನ ಮಾದರಿಯೇ ಮೇಲಾಯಿತು.

ಫಾರನ ಕಡೆಯ ದಿನಗಳು ಸುಖಕರವಾಗಿರಲಿಲ್ಲ. 1879ರಲ್ಲಿ ರಿಜಿಸ್ಟ್ರಾರ್ ಜನರಲ್ ಪದವಿ ತೆರವಾದಾಗ ಅದು ಈ ಮುದಿ ಸೇವಕನಿಗೆ ಬರಲಿಲ್ಲ, ಇನ್ನೊಬ್ಬರ ಪಾಲಾಯಿತು. ಮರುವರ್ಷ ಆತನು ನಿವೃತ್ತನಾದನು. 1883ರ ಏಪ್ರಿಲ್ 14ರಂದು ತೀರಿಕೊಂಡನು.

ಆತನ ಪಟ್ಟಿ ಮಾತ್ರ ಬೆಳೆಯುತ್ತ ಹೋಯಿತು. ರೋಗವನ್ನು ಅಂಗಾನುಸಾರವಾಗಿ ನೋಡುವ ಅವನ ತತ್ತ್ವವನ್ನು ಆಧರಿಸಿ ಪ್ಯಾರಿಸ್ಸಿನ ಜಾಕ್ ಬರ್ತಿಯೋಂ 1893ರಲ್ಲಿ ಹೊಸ ವರ್ಗೀಕರಣವನ್ನು ಮಂಡಿಸಿದನು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರತಂದ ಆರನೆಯ ಪರಿಷ್ಕರಣದಲ್ಲಿ ಮರಣದ ಜೊತೆಗೆ ಕಾಯಿಲೆಯೂ ಸೇರಿತು. ಹನ್ನೊಂದನೆಯ ಪರಿಷ್ಕರಣ 2022ರ ಜನವರಿಯಿಂದ ಜಾರಿಗೆ ಬಂದಿದ್ದರೂ ಹತ್ತನೆಯದನ್ನು ಅನೇಕ ದೇಶಗಳು ಇನ್ನೂ ಬಿಟ್ಟಿಲ್ಲ.

ಆ ಹತ್ತನೆಯ ಪರಿಷ್ಕರಣವನ್ನು ನಾನು ನಿಘಂಟಿನಂತೆ ತಿರುವಿಹಾಕಿದ್ದುಂಟು. ಮಂಪರು, ಜಡತೆ, ಗಾಢಮೂರ್ಛೆಗಳಿಗೆ ಆರ್ 40. ದಿಕ್ಕು ಕಾಲ ತಿಳಿಯದ ಗೊಂದಲಕ್ಕೆ ಆರ್ 41. ಕ್ಷಣಕಾಲ ಜ್ಞಾನ ತಪ್ಪಿ ಬೀಳುವುದಕ್ಕೆ ಆರ್ 55. ಆರ್ ಎಂಬ ಈ ಅಕ್ಷರದ ಅಧ್ಯಾಯ ರೋಗಗಳದಲ್ಲ, ಲಕ್ಷಣಗಳದು. ಮೂಲ ತಿಳಿಯದಾಗ ಆಶ್ರಯಿಸುವ ತಾಣ. ಮೂಲ ತಿಳಿದೊಡನೆ ಸಂಕೇತವೂ ಮನೆ ಬದಲಾಯಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಬಂದ ಮೂರ್ಛೆ ಇ ಅಕ್ಷರದ ಅಧ್ಯಾಯಕ್ಕೂ, ಯಕೃತ್ತು ಸೋತದ್ದರಿಂದ ಬಂದದ್ದು ಕೆ ಅಕ್ಷರಕ್ಕೂ, ತಲೆಯ ಪೆಟ್ಟಿನಿಂದ ಬಂದದ್ದು ಎಸ್ ಅಕ್ಷರಕ್ಕೂ ಹೋಗುತ್ತವೆ. ಸನ್ನಿಗೆ ಎಫ್ 05. ಮೈಮೇಲೆ ಬರುವ ಆವೇಶಕ್ಕೂ ಎಫ್ 44.3 ಎಂಬ ಸ್ಥಾನವುಂಟು. ಆದರೆ ಧರ್ಮದ ಅಥವಾ ಸಂಪ್ರದಾಯದ ಆವರಣದಲ್ಲಿ ಜನ ಒಪ್ಪಿದ ಆವೇಶವನ್ನು ಅಲ್ಲಿ ಸೇರಿಸಬಾರದೆಂದು ಗ್ರಂಥವೇ ಎಚ್ಚರಿಸುತ್ತದೆ. ನೇಮ ಕೋಲಗಳನ್ನು ಕಂಡ ನಮ್ಮ ನಾಡಿನವರಿಗೆ ಈ ವಿವೇಕ ಸಮಾಧಾನವನ್ನು ತರುವಂಥದು. ಎಚ್ಚರದ ಮಟ್ಟಕ್ಕೂ ಈಗ ಅಳತೆಗೋಲು ಬಂದಿದೆ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, ಕಣ್ಣು ತೆರೆಯುವುದು, ಮಾತಾಡುವುದು, ಅಂಗ ಚಲಿಸುವುದು ಎಂಬ ಮೂರನ್ನು ನೋಡಿ ಅಂಕ ಕೊಡುವ ಕ್ರಮವನ್ನು ರೂಪಿಸಿದರು. ಇಂದಿನ ರೂಪದಲ್ಲಿ ಅದು 3ರಿಂದ 15ರ ವರೆಗೆ ಇದೆ. ತೂಕ ಅಳತೆಗಳನ್ನು ನೆನೆದಿದ್ದ ಫಾರನಿಗೆ ಇದು ಪ್ರಿಯವಾಗುತ್ತಿದ್ದಿತು.

ನಮ್ಮ ದೇಶದಲ್ಲಿಯೂ 1969ರ ಜನನ ಮರಣ ನೋಂದಣಿ ಅಧಿನಿಯಮದ ಮೇರೆಗೆ ವೈದ್ಯನು ತುಂಬುವ ಪತ್ರವು ಕೇಳುವುದು ಫಾರನ ಪ್ರಶ್ನೆಯನ್ನೇ. ಸಾವು ಬಂದ ಬಗೆಯನ್ನು ಬರೆಯಬೇಡಿ. ಅದಕ್ಕೆ ಎಡೆಮಾಡಿದ ಕಾರಣವೇನು, ಅದರ ಹಿಂದಿನ ಮೂಲವೇನು, ಒಂದರ ಕೆಳಗೊಂದು ಬರೆಯಿರಿ ಎನ್ನುತ್ತದೆ ಅದು.

ಸಂಕೇತವೆಂದರೆ ಮನುಷ್ಯನನ್ನು ಅಂಕಿಯಾಗಿ ಕುಗ್ಗಿಸುವ ಯಂತ್ರವೆಂದು ಸಾಹಿತ್ಯಪ್ರಿಯರಾದ ನಮಗೆ ತೋರುವುದು ಸಹಜ. ಆದರೆ ಎಚ್ಚರ ತಪ್ಪಿದವನ ಪಾಡನ್ನು ಯೋಚಿಸಿ ನೋಡಬೇಕು. ಹೊಟ್ಟೆನೋವಿನವನು ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತಾನೆ. ವೈದ್ಯನು ತಪ್ಪು ಬರೆದರೆ ಅಲ್ಲವೆನ್ನುತ್ತಾನೆ. ಮೂರ್ಛೆಹೋದವನಿಗೆ ಆ ಭಾಗ್ಯವಿಲ್ಲ. ಅವನ ಪರವಾಗಿ ಮಾತಾಡುವುದು ಪರರ ಲೇಖನಿ ಮಾತ್ರ. ಆ ಲೇಖನಿ ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಒಪ್ಪಿ, ಒಂದು ತಾತ್ಕಾಲಿಕವಾದ ಹೆಸರನ್ನು ಗುರುತಿಟ್ಟು, ಹುಡುಕುವುದನ್ನು ಬಿಡದಿದ್ದರೆ ಆ ಬಡ ಅಂಕಿಯೂ ಕರುಣೆಯೇ ಆಗುತ್ತದೆ. ಹಳ್ಳಿಯ ಬಡವರ ಮನೆಯಲ್ಲಿ ಹುಟ್ಟಿ, ಸತ್ತವರ ಚೀಟಿಗಳ ನಡುವೆ 40 ವರ್ಷ ಕುಳಿತ ವಿಲಿಯಂ ಫಾರ್ ಬದುಕಿದವರಿಗೆ ಕಲಿಸಿದ ಪಾಠ ಇಷ್ಟೇ.