ಮಾರ್ಗರೆಟೆ ಸ್ಟೈಫ್ ಎಂಬಾಕೆಯ ಜೀವನ ಚರಿತ್ರೆ

ನಮ್ಮ ಶಾಲೆಯನ್ನು ಬಿಟ್ಟುಹೋದ ಮಕ್ಕಳು ಆಗಾಗ ನಮ್ಮನ್ನು ಕಾಣಲು ಬರುವುದುಂಟು. ಅವರಲ್ಲಿ ಕೆಲವರು ತಾವು ಇಲ್ಲಿ ಕಲಿತ ಹೊಲಿಗೆಯನ್ನೂ ಕಸೂತಿಯನ್ನೂ ಜೀವನೋಪಾಯಕ್ಕಾಗಿ ಕೈಕೊಂಡಿರುವರು. ಅವರ ಬಾಯಿಂದ ನಾವು ಒಂದೇ ಬಗೆಯ ದುಃಖವನ್ನು ಹಲವು ಸಾರಿ ಕೇಳಿದ್ದೇವೆ. ಸಂತೋಷಕ್ಕಾಗಿ ಹೊಲಿಯುತ್ತಿದ್ದಾಗ ಹಗಲು ಕಳೆದದ್ದೇ ತಿಳಿಯುತ್ತಿರಲಿಲ್ಲ; ಹಣಕ್ಕಾಗಿ ಹೊಲಿಯತೊಡಗಿದ ಮೇಲೆ ಸೂಜಿಯನ್ನು ಕಂಡರೆ ಬೇಸರವಾಗುತ್ತದೆಂಬುದೇ ಆ ದುಃಖವು. ತಂದೆತಾಯಿಗಳಲ್ಲಿಯೂ ಕೆಲವರು, ಮಗಳ ಕೈಗೆಲಸವು ಮಾರಾಟದ ವಸ್ತುವಾದರೆ ಅದರ ಸೊಬಗು ಹೋಗದೇ ಎಂದು ನಮ್ಮನ್ನು ಕೇಳಿರುವರು. ಈ ಪ್ರಶ್ನೆಗೆ ಉಪದೇಶದ ಮಾತುಗಳಿಂದ ಉತ್ತರ ಕೊಡುವದಕ್ಕಿಂತ, ಅದನ್ನು ತನ್ನ ಬಾಳಿನಲ್ಲಿಯೇ ಎದುರಿಸಿದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಹೇಳುವದು ಲೇಸೆಂದು ನಮಗೆ ತೋರಿತು. ಆಕೆಯು ಜರ್ಮನಿಯ ಮಾರ್ಗರೆಟೆ ಸ್ಟೈಫ್. ಲೋಕದ ಮಕ್ಕಳೆಲ್ಲರೂ ಎದೆಗವಚಿಕೊಂಡು ಮಲಗುವ ಬಟ್ಟೆಯ ಕರಡಿಯು ಆಕೆಯ ಕಾರ್ಖಾನೆಯಿಂದಲೇ ದೇಶದೇಶಗಳಿಗೆ ಹೋಯಿತು.

ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯಲ್ಲಿ, ಬ್ರೆಂಟ್ಸ್ ಎಂಬ ಹೊಳೆಯ ದಡದಲ್ಲಿ, ಗೀಂಗೆನ್ ಎಂಬ ಚಿಕ್ಕ ಪಟ್ಟಣವಿದೆ. ಈ ಸೀಮೆಯ ಹೆಸರು ನಮ್ಮ ಕನ್ನಡನಾಡಿಗೆ ಹೊಸದಲ್ಲ. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರು ಸಮಾಚಾರವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಪಾದ್ರಿಯವರು ಅದೇ ವ್ಯೂರ್ಟೆಂಬೆರ್ಗಿನವರು. ಆ ಪತ್ರಿಕೆಯು ಹೊರಟ ನಾಲ್ಕು ವರ್ಷಗಳ ಮೇಲೆ, 1847ನೆಯ ಇಸವಿ ಜುಲೈ ತಿಂಗಳ 24ನೆಯ ತಾರೀಖಿನಲ್ಲಿ, ಗೀಂಗೆನ್ನಿನ ಕಟ್ಟಡದ ಮೇಸ್ತ್ರಿಯಾದ ಫ್ರೀಡ್ರಿಕ್ ಸ್ಟೈಫನಿಗೆ ಮಾರ್ಗರೆಟೆಯು ಮೂರನೆಯ ಮಗಳಾಗಿ ಹುಟ್ಟಿದಳು. ಆಕೆಗೆ ಮಾರೀ, ಪೌಲೀನೆ ಎಂಬ ಇಬ್ಬರು ಅಕ್ಕಂದಿರಿದ್ದರು. ಅನಂತರ ಫ್ರಿಟ್ಸ್ ಎಂಬ ತಮ್ಮನು ಹುಟ್ಟಿದನು.

ಮಗುವಿಗೆ ಒಂದೂವರೆ ವರುಷವಾಗಿದ್ದಾಗ ಕಠಿಣವಾದ ಜ್ವರವು ಬಂದಿತು. ಜ್ವರವು ಇಳಿಯಿತು, ಆದರೆ ಕಾಲುಗಳು ಸತ್ವವನ್ನು ಕಳೆದುಕೊಂಡವು; ಬಲಗೈಯನ್ನು ಎತ್ತುವದೂ ಕಷ್ಟವಾಯಿತು. ಈಗ ನಾವು ಪೋಲಿಯೊ ಎಂದು ಕರೆಯುವ ರೋಗವೇ ಅದು. ತಂದೆತಾಯಿಗಳು ಅನೇಕ ವೈದ್ಯರಿಗೆ ಮಗುವನ್ನು ತೋರಿಸಿದರು. 1856ರಲ್ಲಿ ಲುಡ್ವಿಗ್ಸ್‌ಬುರ್ಗಿನ ಮಕ್ಕಳ ಚಿಕಿತ್ಸಾಲಯದಲ್ಲಿ ಶಸ್ತ್ರಕ್ರಿಯೆಯಾಯಿತು; ಬಳಿಕ ಬಿಸಿನೀರಿನ ಬುಗ್ಗೆಗಳಿರುವ ಊರಿಗೆ ಕಳುಹಿಸಿದರು. ಯಾವದರಿಂದಲೂ ಗುಣವಾಗಲಿಲ್ಲ. ಗಾಲಿಗಳ ಮೇಲಿನ ಕುರ್ಚಿಯೇ ಆಕೆಗೆ ಜೀವಮಾನದ ಆಸನವಾಯಿತು. ಯೌವನದ ಹೊಸ್ತಿಲಿನಲ್ಲಿ ಅನೇಕ ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆದ ಬಳಿಕ, ತಾನು ನಡೆಯಲಾರದಿರುವದು ದೇವರ ನೇಮಕವೆಂದು ಆಕೆಯು ಒಪ್ಪಿಕೊಂಡಳು. ಇನ್ನು ಮೇಲೆ ವೈದ್ಯರನ್ನು ಹುಡುಕುತ್ತಾ ಮನಸ್ಸನ್ನು ಕಲಕಿಕೊಳ್ಳಬಾರದೆಂದು ನಿಶ್ಚಯಿಸಿದಳು. ಹೀಗೆ ಒಪ್ಪಿಕೊಂಡದ್ದರಿಂದ ಆಕೆಯು ಸುಮ್ಮನೆ ಕುಳಿತವಳಲ್ಲ. ಇಲ್ಲದ ಕಾಲುಬಲಕ್ಕಾಗಿ ಅಳುವದನ್ನು ಬಿಟ್ಟು ಇದ್ದ ಕೈಬಲವನ್ನು ಪಳಗಿಸತೊಡಗಿದಳು.

ಅಕ್ಕಂದಿರೂ ನೆರೆಯ ಮಕ್ಕಳೂ ಆಕೆಯನ್ನು ಚಿಕ್ಕ ಬಂಡಿಯಲ್ಲಿ ಕೂರಿಸಿ ಪಾಠಶಾಲೆಗೆ ಎಳೆದುಕೊಂಡು ಹೋಗುತ್ತಿದ್ದರು. ಹೊಲಿಗೆಯನ್ನು ಕಲಿಯುವದಕ್ಕೂ ಹೋದಳು. ಬಲಗೈಯ ನೋವಿನಿಂದಾಗಿ ಮೊದಮೊದಲು ಆಕೆಯ ಕೆಲಸವು ನಿಧಾನವಾಗಿಯೂ ಒರಟಾಗಿಯೂ ಇದ್ದಿತು. ಆದರೂ ಬಿಡದೆ ಕಲಿತು, ಹದಿನೇಳು ವರುಷವಾಗುವಷ್ಟರಲ್ಲಿ ಹೊಲಿಗೆಯ ಶಿಕ್ಷಣವನ್ನು ಪೂರೈಸಿದಳು. ಜಿತರ್ ಎಂಬ ತಂತಿವಾದ್ಯವನ್ನೂ ಅಭ್ಯಾಸಮಾಡಿ, ಅದನ್ನು ಇತರರಿಗೆ ಕಲಿಸಿ ಸ್ವಲ್ಪ ಹಣವನ್ನು ಸಂಪಾದಿಸಿದಳು. ಅಕ್ಕಂದಿರು 1862ರಲ್ಲಿ ತೆರೆದ ಉಡುಪಿನ ಹೊಲಿಗೆಯಂಗಡಿಯಲ್ಲಿ ಆಕೆಯು ಕೆಲಸಮಾಡುತ್ತಿದ್ದಳು. ಮನೆಗೆ ಹೊಲಿಗೆಯ ಯಂತ್ರವು ಬಂದಾಗ ಹೊಸ ತೊಡಕು ಹುಟ್ಟಿತು. ಚಕ್ರವನ್ನು ತಿರುಗಿಸುವದು ಬಲಗೈಯ ಕೆಲಸ. ಆಕೆಯ ಬಲಗೈಗೋ ಆ ಶಕ್ತಿಯಿಲ್ಲ. ಆಗ ಆಕೆಯು ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿ ಇರಿಸಿಕೊಂಡು ಎಡಗೈಯಿಂದ ಚಕ್ರವನ್ನು ನಡಿಸಿದಳು. ಅಕ್ಕಂದಿರು ಊರನ್ನು ಬಿಟ್ಟು ಹೋದ ಮೇಲೆ ಒಬ್ಬಳೇ ಕೆಲಸವನ್ನು ಸಾಗಿಸಿದಳು. 1874ರಲ್ಲಿ ತಂದೆಯು ಮನೆಯನ್ನು ಮಾರ್ಪಡಿಸಿ ಆಕೆಗಾಗಿ ಹೊಲಿಗೆಯ ಕೋಣೆಯೊಂದನ್ನು ಕಟ್ಟಿಕೊಟ್ಟನು.

ಗೀಂಗೆನ್ನಿನಲ್ಲಿ ಆಕೆಯ ತಾಯಿಯ ಕಡೆಯ ಬಂಧುಗಳದೊಂದು ಫೆಲ್ಟ್ ತಯಾರಿಸುವ ಕಾರ್ಖಾನೆಯಿತ್ತು. ಫೆಲ್ಟ್ ಎಂಬದು ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳನ್ನು ತೇವದಲ್ಲಿಯೂ ಬಿಸಿಯಲ್ಲಿಯೂ ಒತ್ತಿ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ದಪ್ಪ ಹಾಳೆ. ಅದನ್ನು ಹೇಗೆ ಕತ್ತರಿಸಿದರೂ ಅಂಚಿನಿಂದ ನೂಲು ಬಿಟ್ಟುಕೊಳ್ಳುವದಿಲ್ಲ. ಆದುದರಿಂದ ಅಂಚನ್ನು ಮಡಿಸಿ ಹೊಲಿಯುವ ಶ್ರಮವಿಲ್ಲ. ಈ ಗುಣವನ್ನು ಚೆನ್ನಾಗಿ ಅರಿತುಕೊಂಡ ಮಾರ್ಗರೆಟೆಯು 1877ರಲ್ಲಿ ಫೆಲ್ಟಿನ ಒಳಲಂಗಗಳನ್ನೂ ಮಕ್ಕಳ ಮೇಲಂಗಿಗಳನ್ನೂ ಮಾಡಿ ಮಾರುವ ಅಂಗಡಿಯನ್ನಿಟ್ಟಳು. ವ್ಯಾಪಾರವು ಹೆಚ್ಚಿ, ಬೇರೆ ಹೆಂಗಸರನ್ನೂ ಕೆಲಸಕ್ಕೆ ಕರೆದುಕೊಳ್ಳಬೇಕಾಯಿತು.

ಇದು ಹೊಟ್ಟೆಯ ಪಾಡಿನ ಮಾತಾಯಿತು. ಆಕೆಯ ಮನಸ್ಸಿನ ಸಂತೋಷವು ಬೇರೊಂದು ಚಿಕ್ಕ ವಸ್ತುವಿನಿಂದ ಬಂದಿತು. 1879ನೆಯ ದಶಂಬರ ತಿಂಗಳಲ್ಲಿ ಹೆಂಗಸರ ಉಡುಪುಗಳ ಒಂದು ಪತ್ರಿಕೆಯಲ್ಲಿ ಬಟ್ಟೆಯ ಆನೆಯೊಂದರ ಮಾದರಿಯನ್ನು ಆಕೆಯು ಕಂಡಳು. ಅದನ್ನು ಅನುಸರಿಸಿ ಫೆಲ್ಟಿನಿಂದ ಪುಟ್ಟ ಆನೆಯನ್ನು ಹೊಲಿದು, ಒಳಗೆ ಉಣ್ಣೆಯನ್ನು ತುಂಬಿದಳು. ಸೂಜಿಗಳನ್ನು ಚುಚ್ಚಿಡುವ ದಿಂಬಾಗಿ ಉಪಯೋಗವಾಗಲೆಂದು ಅಂಥವುಗಳನ್ನು ಬಂಧುಗಳಿಗೂ ಗೆಳತಿಯರಿಗೂ ಕಾಣಿಕೆಯಾಗಿ ಕೊಟ್ಟಳು. ಇವುಗಳಿಂದ ಹಣವನ್ನು ಗಳಿಸುವ ಯೋಚನೆಯೇ ಆಕೆಗಿರಲಿಲ್ಲ. ಆದರೆ ಆ ಮನೆಗಳಲ್ಲಿದ್ದ ಮಕ್ಕಳಿಗೆ ಸೂಜಿಯ ಗೊಡವೆ ಏನು? ತಾಯಂದಿರ ಹೊಲಿಗೆಯ ಬುಟ್ಟಿಯಿಂದ ಆನೆಯನ್ನು ಎತ್ತಿಕೊಂಡು ಆಡತೊಡಗಿದರು. ಆ ಕಾಲದಲ್ಲಿ ಮಕ್ಕಳ ಆಟಿಗೆಗಳು ಹೆಚ್ಚಾಗಿ ಮರ, ತಗಡು, ಪಿಂಗಾಣಿ ಮೊದಲಾದ ಗಟ್ಟಿ ವಸ್ತುಗಳಿಂದಾದವು. ಅಪ್ಪಿಕೊಂಡರೆ ಮೆತ್ತಗಿರುವ, ಬಿದ್ದರೆ ಒಡೆಯದ ಪ್ರಾಣಿಯು ಮಕ್ಕಳಿಗೆ ಅಪೂರ್ವವಾಗಿತ್ತು.

ತಮ್ಮನಾದ ಫ್ರಿಟ್ಸನು ಇದನ್ನು ಗಮನಿಸಿ, ಒಂದು ಚೀಲದ ತುಂಬ ಆನೆಗಳನ್ನು ನೆರೆಯ ಹೈಡೆನ್‌ಹೈಮ್ ಪಟ್ಟಣದ ಸಂತೆಗೆ ಒಯ್ದನು. ಅವೆಲ್ಲವೂ ಮಾರಿಹೋದವು, ಇನ್ನೂ ಬೇಕೆಂದು ಕೇಳುವವರಾದರು. 1886ರೊಳಗೆ ಮಾರಿದ ಆನೆಗಳ ಸಂಖ್ಯೆಯು 5,000ವನ್ನು ದಾಟಿತು. ಕೋತಿ, ಕತ್ತೆ, ಕುದುರೆ, ಒಂಟೆ, ಹಂದಿ, ನಾಯಿ, ಬೆಕ್ಕು ಎಂದು ಪ್ರಾಣಿಗಳ ಕುಲವು ಬೆಳೆಯಿತು. 1893ರಲ್ಲಿ ಆಕೆಯ ಹೆಸರಿನಲ್ಲಿಯೇ ಫೆಲ್ಟ್ ಆಟಿಗೆಗಳ ಕಾರ್ಖಾನೆಯು ಸರಕಾರದ ವ್ಯಾಪಾರದ ದಾಖಲೆಯಲ್ಲಿ ಬರೆಯಲ್ಪಟ್ಟಿತು.

ವಾಚಕರೇ, ನಾವು ಮೊದಲು ಹೇಳಿದ ಅಪಾಯವು ಆಕೆಗೆ ಒದಗಿದ್ದು ಇಲ್ಲಿಯೇ. ಪ್ರೀತಿಯಿಂದ ಒಬ್ಬ ಗೆಳತಿಗೆ ಒಂದು ಆನೆಯನ್ನು ಹೊಲಿಯುವದು ಒಂದು. ಕಾಣದವರಿಗಾಗಿ ಸಾವಿರಾರು ಆನೆಗಳನ್ನು ಹೊಲಿಸುವದು ಬೇರೊಂದು. ಕೆಲಸವು ಹೆಚ್ಚಿದ ಕಡೆಯಲ್ಲಿ ಕೈಯು ಚುರುಕಾಗಿ ಮನಸ್ಸು ಮಂಕಾಗುವದು ಸಹಜ. ಒಳಗೆ ತುಂಬಿದ್ದು ಯಾರಿಗೂ ಕಾಣುವದಿಲ್ಲವಾದ್ದರಿಂದ ಉಣ್ಣೆಗೆ ಬದಲಾಗಿ ಅಗ್ಗದ ವಸ್ತುವನ್ನು ತುಂಬೋಣವೆಂಬ ಶೋಧನೆಯು ಯಾವ ವ್ಯಾಪಾರಿಗೂ ತಪ್ಪಿದ್ದಲ್ಲ. ಮಾರ್ಗರೆಟೆಯು ಈ ಶೋಧನೆಗೆ ಒಳಗಾಗಲಿಲ್ಲ. ಮಕ್ಕಳಿಗೆ ಕೊಡುವ ವಸ್ತುವು ಅತ್ಯುತ್ತಮವಾದದ್ದೇ ಆಗಿರಬೇಕು, ಅದಕ್ಕೆ ಕಡಮೆಯಾದದ್ದು ಸಲ್ಲದೆಂಬುದನ್ನು ತನ್ನ ಕಾರ್ಖಾನೆಯ ಕಟ್ಟಳೆಯನ್ನಾಗಿ ಮಾಡಿದಳು. ಇದಲ್ಲದೆ, ಹೊಸದಾಗಿ ಕಲ್ಪಿಸಿದ ಪ್ರತಿಯೊಂದು ಆಟಿಗೆಯ ಮಾದರಿಯನ್ನು ಮೊದಲು ತಾನೇ ಹೊಲಿದು ನೋಡುವಳು, ತಪ್ಪಿದ್ದರೆ ತಿದ್ದುವಳು, ಆ ಬಳಿಕವೇ ಅದು ಇತರರ ಕೈಗೆ ಹೋಗುವದು. ಲೆಕ್ಕಪತ್ರಗಳ ರಾಶಿಯ ನಡುವೆಯೂ ಆಕೆಯ ನೋವಿನ ಕೈಯು ಸೂಜಿಯನ್ನು ಬಿಡಲಿಲ್ಲ. ಆಕೆಯ ಮೊದಲಿನ ಸಂತೋಷವು ಬತ್ತದೆ ಉಳಿದದ್ದು ಇದರಿಂದಲೇ ಎಂದು ನಾವು ಎಣಿಸುತ್ತೇವೆ. ಯಾಕಂದರೆ ತಾನು ಮಾಡಿದ ಪ್ರತಿಯೊಂದು ಹೊಸ ಪ್ರಾಣಿಯೂ ಆಕೆಗೆ ಆ ಮೊದಲನೆಯ ಆನೆಯಂತೆಯೇ ಇದ್ದಿತು.

ತನ್ನಿಂದಾಗದ ಕೆಲಸಗಳನ್ನು ಆಕೆಯು ಇತರರಿಗೆ ಒಪ್ಪಿಸಲು ಹಿಂಜರಿಯಲಿಲ್ಲ. ಫ್ರಿಟ್ಸನ ಮಕ್ಕಳು ದೊಡ್ಡವರಾಗಿ ಒಬ್ಬೊಬ್ಬರಾಗಿ ಅತ್ತೆಯ ಕೆಲಸಕ್ಕೆ ಕೈಗೊಟ್ಟರು. ಅವರಲ್ಲಿ ರಿಚರ್ಡನು 1897ರಲ್ಲಿ ಬಂದನು. ಅವನು ಚಿತ್ರವನ್ನು ಕಲಿತವನು. ಸ್ಟುಟ್‌ಗಾರ್ಟಿನ ಮೃಗಾಲಯದಲ್ಲಿ ಕುಳಿತು ಕರಡಿಗಳ ಚಿತ್ರಗಳನ್ನು ಬರೆದುಕೊಂಡಿದ್ದನು. 1902ರಲ್ಲಿ ಅವನು ಕೈಕಾಲುಗಳನ್ನು ಆಡಿಸಬಹುದಾದ ಕರಡಿಯನ್ನು ಕಲ್ಪಿಸಿದನು. ಅದರ ಮೈಯು ಫೆಲ್ಟಿನದಲ್ಲ, ಮೊಹೇರ್ ಎಂಬ ಮೇಕೆಯ ಕೂದಲಿನ ಮಖಮಲ್ಲಿನಂಥ ಬಟ್ಟೆಯದು. ಮಾರ್ಗರೆಟೆಗೆ ಈ ಕರಡಿಯ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. ಆದರೂ ತನ್ನ ಅಭಿಪ್ರಾಯವನ್ನೇ ಹಿಡಿದು ಹುಡುಗನ ಉತ್ಸಾಹವನ್ನು ಮುರಿಯದೆ, ಅದನ್ನು 1903ರ ಲೈಪ್‌ಜಿಗ್ ವ್ಯಾಪಾರ ಜಾತ್ರೆಗೆ ಕಳುಹಿಸಲು ಸಮ್ಮತಿಸಿದಳು. ಅಲ್ಲಿ ಅಮೇರಿಕಾದ ವರ್ತಕನೊಬ್ಬನು 3,000 ಕರಡಿಗಳು ಬೇಕೆಂದು ಕೇಳಿದನು. ಅಮೇರಿಕಾದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್ವೆಲ್ಟರ ಅಡ್ಡಹೆಸರಿನಿಂದ ಬಟ್ಟೆಯ ಕರಡಿಗಳಿಗೆ ಟೆಡ್ಡಿ ಎಂಬ ಹೆಸರು ಅಂಟಿಕೊಂಡಿತು. ಸ್ವತಃ ತಾನು ಮೆಚ್ಚದ ವಸ್ತುವಿನಿಂದಲೇ ತನ್ನ ಹೆಸರು ಲೋಕಕ್ಕೆಲ್ಲಾ ಹರಡಿದ್ದನ್ನು ಆಕೆಯು ಕಂಡಳು. ಕಿರಿಯರ ಮಾತಿಗೆ ಎಡೆಗೊಡುವದು ಹಿರಿಯರಿಗೆ ಎಷ್ಟು ಅಗತ್ಯವೆಂಬದನ್ನು ಅಧ್ಯಾಪಿಕೆಯರಾದ ನಾವೂ ಇದರಿಂದ ಕಲಿಯತಕ್ಕದ್ದು.

ಅದೇ 1903ರಲ್ಲಿ ಕೆಲಸಗಾರರಿಗಾಗಿ ಉಕ್ಕಿನಿಂದಲೂ ಗಾಜಿನಿಂದಲೂ ಹೊಸ ಕಟ್ಟಡವೊಂದನ್ನು ಕಟ್ಟಿಸಿದರು. ಹೊಲಿಯುವವರ ಕಣ್ಣಿಗೆ ಬೆಳಕು ಮುಖ್ಯವಲ್ಲವೇ? ಗಾಜಿನ ಗೋಡೆಗಳೊಳಗೆ ಅನೇಕ ಹುಡುಗಿಯರು ಕುಳಿತು ಹೊಲಿಯುವದನ್ನು ಕಂಡ ಊರವರು ಆ ಕಟ್ಟಡಕ್ಕೆ ಕನ್ಯೆಯರ ಮೀನುತೊಟ್ಟಿ ಎಂದು ವಿನೋದದ ಹೆಸರನ್ನಿಟ್ಟರು. ಆಟಿಗೆಗಳ ಕೀರ್ತಿಯು ಹೆಚ್ಚಿದಂತೆ ಅವುಗಳನ್ನು ನಕಲುಮಾಡಿ ಮಾರುವವರೂ ಹೆಚ್ಚಿದರು. ಇದರ ತಡೆಗಾಗಿ 1904ರಿಂದ ಪ್ರತಿಯೊಂದು ಪ್ರಾಣಿಯ ಎಡಕಿವಿಗೆ ಲೋಹದ ಗುಂಡಿಯನ್ನು ಹಾಕತೊಡಗಿದರು. ಅದು ಬರೀ ವ್ಯಾಪಾರದ ಗುರುತಲ್ಲ. ಈ ಹೊಲಿಗೆಗೆ ನಾವೇ ಜವಾಬ್ದಾರರೆಂಬ ಸಾಕ್ಷಿಯೂ ಆಗಿತ್ತು. 1907ರಲ್ಲಿ 9,74,000 ಕರಡಿಗಳು ತಯಾರಾದವು. ಕಾರ್ಖಾನೆಯಲ್ಲಿ ಸುಮಾರು 400 ಜನರೂ, ತಮ್ಮ ತಮ್ಮ ಮನೆಗಳಲ್ಲಿಯೇ ಹೊಲಿದುಕೊಡುವವರು ಸುಮಾರು 1,800 ಜನರೂ ಇದ್ದರು. ಇತರರು ಎತ್ತದೆ ಹೊಸ್ತಿಲನ್ನು ದಾಟಲಾರದ ಒಬ್ಬ ಸ್ತ್ರೀಯು ಎರಡು ಸಾವಿರಕ್ಕಿಂತ ಹೆಚ್ಚು ಮನೆಗಳ ಒಲೆ ಉರಿಯುವಂತೆ ಮಾಡಿದಳು.

1909ನೆಯ ಇಸವಿ ಮೇ 9ರಲ್ಲಿ ಮಾರ್ಗರೆಟೆಯು ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡಳು. ಆಗ ಆಕೆಗೆ ಅರುವತ್ತೊಂದು ವರ್ಷ. ಆಕೆಯು ಮದುವೆಯಾಗಲಿಲ್ಲ, ಆದರೆ ಆಕೆಯ ಕೈಗೆಲಸವನ್ನು ಅಪ್ಪಿಕೊಂಡು ನಿದ್ರಿಸಿದ ಮಕ್ಕಳನ್ನು ಎಣಿಸಬಲ್ಲವರಾರು?

ಈಗ ನಮ್ಮ ಪ್ರಶ್ನೆಗೆ ತಿರುಗೋಣ. ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಕೈಗೆಲಸಕ್ಕೆ ಹಣವನ್ನು ತೆಗೆದುಕೊಳ್ಳುವದು ಅವಮಾನವಲ್ಲ, ಅದರಿಂದ ಸೊಬಗೂ ಕೆಡುವದಿಲ್ಲ. ಯಾರಿಗಾಗಿ ಹೊಲಿಯುತ್ತೇವೆಂಬುದನ್ನು ಮರೆತಾಗಲೇ ಅದು ಕೆಡುವದು. ಬಂದ ಕೆಲಸವನ್ನೆಲ್ಲಾ ಒಪ್ಪಿಕೊಂಡು, ರಾತ್ರಿ ನಿದ್ರೆಗೆಟ್ಟು, ಕಣ್ಣು ಮುಚ್ಚಿ ಹೊಲಿದರೆ ಬೇಸರವು ಬಾರದೆ ಇರುವದೇ? ಆಗುವಷ್ಟನ್ನೇ ಒಪ್ಪಿಕೊಳ್ಳಿರಿ, ಉಳಿದದ್ದನ್ನು ಬಲ್ಲವರಿಗೆ ಹಂಚಿರಿ. ವಾರಕ್ಕೊಂದು ಸಾರಿಯಾದರೂ ಯಾರೂ ಕೇಳದ, ನಿಮ್ಮ ಮನಸ್ಸೇ ಕಲ್ಪಿಸಿದ ಹೊಸದೊಂದನ್ನು ಹೊಲಿಯಿರಿ. ಅದನ್ನು ಒಂದು ಮಗುವಿನ ಕೈಗೆ ಕೊಟ್ಟು ಅದರ ಮುಖವನ್ನು ನೋಡಿರಿ. ತಂದೆತಾಯಿಗಳೇ, ಮಗಳ ಸಂಪಾದನೆಯ ಲೆಕ್ಕವನ್ನು ಕೇಳುವ ಮೊದಲು ಆಕೆಯು ಇಂದು ಏನನ್ನು ಮಾಡಿದಳೆಂದು ಕೇಳಿರಿ. ಮಾರ್ಗರೆಟೆಯ ತಂದೆಯಂತೆ, ಆಗುವದಾದರೆ, ಆಕೆಗೊಂದು ಬೆಳಕಿರುವ ಮೂಲೆಯನ್ನು ಬಿಟ್ಟುಕೊಡಿರಿ.

ಯಜಮಾನನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಸೇವಕನ ಸಾಮ್ಯವನ್ನು ನಾವೆಲ್ಲರೂ ಸತ್ಯವೇದದಲ್ಲಿ ಓದಿದ್ದೇವೆ. ಮಾರ್ಗರೆಟೆಗೆ ದೊರೆತದ್ದು ಒಂದು ಎಡಗೈ ಮತ್ತು ಅರ್ಧ ಬಲಗೈ. ಆಕೆಯು ಅದನ್ನು ಹೂತಿಡಲಿಲ್ಲ. ಎರಡು ಕೈಗಳನ್ನೂ ಎರಡು ಕಾಲುಗಳನ್ನೂ ಪಡೆದ ನಮ್ಮ ಮಕ್ಕಳು ಈ ಶಾಲೆಯ ಹೊಲಿಗೆಯ ಕೋಣೆಯಿಂದ ಒಯ್ದ ಸೂಜಿಯನ್ನು ತುಕ್ಕು ಹಿಡಿಯಗೊಡದಿರಲೆಂದು ನಾವು ದೇವರನ್ನು ಬೇಡುತ್ತೇವೆ.