ಮಹಾತ್ಮರ ಜೋಳಿಗೆಯ ಲೆಕ್ಕ

ಶ್ರಾವಣಮಾಸದ ಶನಿವಾರ ಬಂದಿತೆಂದರೆ ತೆರಕಣಾಂಬಿಯ ಸುತ್ತಣ ಊರುಗಳ ಬೀದಿಗಳಲ್ಲಿ ಬೆಳಗಿನ ಹೊತ್ತಿಗೇ ಗೋವಿಂದನಾಮ ಕೇಳಿಬರುತ್ತದೆ. ಹಣೆಗೆ ನಾಮವಿಟ್ಟು, ತಾಮ್ರದ ತಂಬಿಗೆಯನ್ನು ಹಿಡಿದು ಮನೆಬಾಗಿಲಲ್ಲಿ ನಿಂತ ಹುಡುಗನಿಗೆ ಮನೆಯಾಕೆ ಒಂದು ಹಿಡಿ ಅಕ್ಕಿಯನ್ನೋ ಒಂದಿಷ್ಟು ಚಿಲ್ಲರೆಯನ್ನೋ ಹಾಕುತ್ತಾಳೆ. ಸಿರಿವಂತರ ಮನೆಯ ಮಗನೂ ಆ ದಿನ ನಾಲ್ಕು ಮನೆ ಬೇಡಿಯೇ ತರಬೇಕೆಂಬುದು ಒಕ್ಕಲಿನ ಕಟ್ಟಳೆ. ಕೆಲವರು ಅದನ್ನು ಹುಲುಗನಮುರಡಿಯ ವೆಂಕಟರಮಣನ ಬೆಟ್ಟಕ್ಕೆ ಹೊರುತ್ತಾರೆ. ಕೆಲವರು ಮನೆಯಲ್ಲಿಯೇ ಬೇಯಿಸಿ ನಾಲ್ಕು ಜನಕ್ಕೆ ಬಡಿಸುತ್ತಾರೆ. ಈ ಅಕ್ಕಿಯ ಲೆಕ್ಕವನ್ನು ಕೇಳಿದವರನ್ನು ನಾನು ಕಂಡಿಲ್ಲ. ಕೇಳುವ ಅಗತ್ಯವೇ ಬೀಳುವುದಿಲ್ಲ. ಬೆಳಿಗ್ಗೆ ತಂಬಿಗೆಗೆ ಬಿದ್ದದ್ದು ಸಂಜೆಗೆ ಅನ್ನವಾಗಿ ಕಣ್ಣಮುಂದೆಯೇ ಎಲೆಗೆ ಬರುತ್ತದೆ.

ಅದೇ ಬೀದಿಯಲ್ಲಿ ಹಬ್ಬದ ದಿನ ಅಪರಿಚಿತನೊಬ್ಬನು ಮುದ್ರೆ ಹಾಕಿದ ಡಬ್ಬಿಯನ್ನು ಕುಲುಕುತ್ತ ಬಂದು, ಎಲ್ಲಿಯೋ ಪ್ರವಾಹಪೀಡಿತರಾದವರಿಗೆ, ಯಾವುದೋ ಅನಾಥಾಶ್ರಮದ ಮಕ್ಕಳಿಗೆ ಎಂದು ಕೈಯೊಡ್ಡಿದರೆ ಸ್ಥಿತಿ ಬೇರೆ. ಕೊಡಬೇಕೆಂಬ ಮನಸ್ಸು ಒಂದು ಕಡೆ, ಇದು ಸೇರಬೇಕಾದಲ್ಲಿಗೆ ಸೇರೀತೇ ಎಂಬ ಶಂಕೆ ಇನ್ನೊಂದು ಕಡೆ. ಕೊಡದೆ ಒಳಗೆ ಹೋದವನಿಗೂ ಸಮಾಧಾನವಿಲ್ಲ, ಕೊಟ್ಟವನಿಗೂ ಇಲ್ಲ. ಈ ಇಕ್ಕಟ್ಟು ಇಂದಿನದಲ್ಲ. ಬೇಡುವವನ ಕಡೆಯಿಂದ ಇದನ್ನು ಜೀವಮಾನವಿಡೀ ಎದುರಿಸಿದವರೊಬ್ಬರು ನಮ್ಮ ದೇಶದಲ್ಲಿದ್ದರು. ಗಾಂಧೀಜಿಯವರ ಸತ್ಯಾಗ್ರಹಗಳನ್ನು ಕುರಿತು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಅವರ ಜೋಳಿಗೆಯ ಕಥೆಯನ್ನು ಹೇಳುವುದು ಅಪರೂಪ.

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಜನಿಸಿದರು. ತಂದೆ ಸಂಸ್ಥಾನದ ದಿವಾನರು, ಕುಲದಿಂದ ವರ್ತಕರು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದುತ್ತಿದ್ದಾಗ ಒಂದೊಂದು ಪೆನ್ನಿಯ ಖರ್ಚನ್ನೂ ಬರೆದಿಟ್ಟು ರಾತ್ರಿ ಮಲಗುವ ಮುನ್ನ ಕೂಡಿ ನೋಡುವ ಅಭ್ಯಾಸವನ್ನು ಮಾಡಿಕೊಂಡರು. ಅದು ಬರಿಯ ಮಿತವ್ಯಯದ ಅಭ್ಯಾಸವಾಗಿದ್ದಿದ್ದರೆ ಇಲ್ಲಿ ಹೇಳುವ ಕಾರಣವಿರಲಿಲ್ಲ. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣ ಕೈಯಲ್ಲಿ ಆಡಿದಾಗ ತಮ್ಮನ್ನು ಕಾಪಾಡಿದ್ದು ಅದೇ ಎಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

1893ರಲ್ಲಿ ಒಂದು ವ್ಯಾಜ್ಯದ ಸಂಬಂಧವಾಗಿ ದಕ್ಷಿಣ ಆಫ್ರಿಕಕ್ಕೆ ಹೋದ ಅವರು ಮರುವರ್ಷವೇ ನೇಟಾಲ್ ಇಂಡಿಯನ್ ಕಾಂಗ್ರೆಸ್ಸನ್ನು ಕಟ್ಟಿದರು. ಸದಸ್ಯತ್ವಕ್ಕೆ ತಿಂಗಳಿಗೆ ಕನಿಷ್ಠ ಐದು ಷಿಲಿಂಗು ಚಂದಾ. ಗಾಂಧಿಯವರು ತಮ್ಮ ಹೆಸರಿಗೆ ಒಂದು ಪೌಂಡನ್ನು ಬರೆದುಕೊಂಡರು. ಹೆಸರು ಬರೆಸುವಾಗ ಇದ್ದ ಹುರುಪು ಹಣ ಕೊಡುವಾಗ ಎಲ್ಲರಲ್ಲಿಯೂ ಇರಲಿಲ್ಲ. ತಿಂಗಳು ತಿಂಗಳೂ ಅಲೆದು ವಸೂಲು ಮಾಡುವುದು ಆಗದ ಕೆಲಸವೆಂದು ಕಂಡಮೇಲೆ ವರ್ಷದ ಚಂದಾ ಮೂರು ಪೌಂಡನ್ನು ಮುಂಗಡವಾಗಿ ಪಡೆಯುವ ನಿಯಮವನ್ನು ಮಾಡಿದರು. ಟೊಂಗಾಟ್ ಎಂಬ ಊರಿನಲ್ಲಿ ನಡೆದುದು ಸ್ವಾರಸ್ಯವಾಗಿದೆ. ಅಲ್ಲಿ ಇಳಿದುಕೊಂಡ ಮನೆಯ ಯಜಮಾನನಿಂದ ಆರು ಪೌಂಡನ್ನು ನಿರೀಕ್ಷಿಸಿದ್ದರು; ಆತ ಮೂರಕ್ಕಿಂತ ಮೇಲೆ ಏರಲಿಲ್ಲ. ಅಡುಗೆ ಸಿದ್ಧವಾಗಿತ್ತು, ಬಂದವರಿಗೆ ಹಸಿವೂ ಆಗಿತ್ತು. ಆದರೂ ಒಬ್ಬರೂ ಎಲೆಗೆ ಕೂರಲಿಲ್ಲ. ರಾತ್ರಿಯೆಲ್ಲ ಹಾಗೆಯೇ ಕಳೆದು, ಬೆಳಗಿನ ಜಾವಕ್ಕೆ ಆತ ಆರು ಪೌಂಡನ್ನು ಕೊಟ್ಟು ಅತಿಥಿಗಳಿಗೆ ಊಟ ಬಡಿಸಿದನು. ಮನೆಬಾಗಿಲಲ್ಲಿ ಹಟಹಿಡಿದು ಕೂರುವ ನಮ್ಮ ಕಡೆಯ ಜಂಗಮನೋ ದಾಸಯ್ಯನೋ ಇದನ್ನು ಕೇಳಿದ್ದರೆ ತನ್ನವನೇ ಎಂದು ತಲೆದೂಗುತ್ತಿದ್ದನು.

ಹೀಗೆ ಬಂದ ಹಣಕ್ಕೆಲ್ಲ ರಸೀತಿ ಇತ್ತು. ಪೈಸೆ ಪೈಸೆಗೂ ಲೆಕ್ಕವಿತ್ತು. 1894ರ ಲೆಕ್ಕದ ಪುಸ್ತಕಗಳು ಕಾಂಗ್ರೆಸ್ಸಿನ ದಫ್ತರದಲ್ಲಿ ಆಗಲೂ ಸಿಕ್ಕುವುವೆಂದು ಮೂವತ್ತು ವರ್ಷಗಳ ತರುವಾಯ ಅವರು ಬರೆದಾಗ ಅದರಲ್ಲಿ ಕೊಂಚ ಅಭಿಮಾನವೂ ಬೆರೆತಿದೆ. ಕೈಯಲ್ಲಿ ಹಣವಿಲ್ಲದೆ ಸಾಲ ಮಾಡಿ ಸಾರ್ವಜನಿಕ ಕೆಲಸಕ್ಕೆ ಇಳಿಯಬಾರದೆಂಬ ನಿಯಮವನ್ನು ಅವರು ಆಗಲೇ ಕಂಡುಕೊಂಡಿದ್ದರು. ಶಾಶ್ವತ ನಿಧಿಯ ಬಡ್ಡಿಯ ಮೇಲೆ ಸಂಸ್ಥೆಗಳು ಬದುಕಬಾರದೆಂಬುದು ಅನಂತರದ ಅನುಭವದಿಂದ ಬಂದ ಪಾಠ. ನೇಟಾಲಿನ ಕಾಂಗ್ರೆಸ್ಸಿಗೆ ಆಸ್ತಿ ಕೂಡಿದಮೇಲೆ ಒಳಜಗಳ ಹುಟ್ಟಿ, ಬಾಡಿಗೆಯ ಹಣ ನ್ಯಾಯಾಲಯದಲ್ಲಿ ಸಂಚಯವಾಗುತ್ತ ಬಿದ್ದಿತು. ಜನ ವರ್ಷ ವರ್ಷವೂ ಕೊಡುವಂತಿದ್ದರೆ ಮಾತ್ರ ಸಂಸ್ಥೆ ಜನದ ಮಾತನ್ನು ಕೇಳುತ್ತದೆಂಬುದು ಅವರ ಅಭಿಪ್ರಾಯ. ನಿಧಿ ಕೂಡಿಸುವುದನ್ನೇ ಭದ್ರತೆಯೆಂದು ತಿಳಿದ ನಮ್ಮ ಸಂಘಸಂಸ್ಥೆಗಳಿಗೆ ಈ ಮಾತು ಇಂದಿಗೂ ರುಚಿಸುವಂತಹುದಲ್ಲ.

1901ರಲ್ಲಿ ಅವರು ಸ್ವದೇಶಕ್ಕೆ ಹೊರಟಾಗ ನೇಟಾಲಿನ ಭಾರತೀಯರು ಚಿನ್ನ, ಬೆಳ್ಳಿ, ವಜ್ರದ ಕಾಣಿಕೆಗಳನ್ನು ತಂದು ಸುರಿದರು. ಕಸ್ತೂರಬಾ ಅವರಿಗೆಂದೇ ಐವತ್ತು ಗಿನಿ ಬೆಲೆಯ ಚಿನ್ನದ ಹಾರವಿತ್ತು. ಆ ರಾತ್ರಿ ಗಾಂಧಿಯವರಿಗೆ ನಿದ್ರೆ ಬರಲಿಲ್ಲ. ಕೂಲಿ ಪಡೆಯದೆ ಮಾಡಿದೆನೆಂದುಕೊಂಡ ಸೇವೆಗೆ ಇದು ಕೂಲಿಯಾಯಿತಲ್ಲ ಎಂಬ ಚಿಂತೆ. ಪಾರ್ಸಿ ರುಸ್ತುಂಜಿ ಮೊದಲಾದವರನ್ನು ಧರ್ಮದರ್ಶಿಗಳನ್ನಾಗಿ ಹೆಸರಿಸಿ ಎಲ್ಲವನ್ನೂ ಸಮಾಜದ ಕಾರ್ಯಕ್ಕೆ ಬರೆದುಕೊಡುವ ಪತ್ರವನ್ನು ಸಿದ್ಧಪಡಿಸಿದರು. ಮೊದಲು ಮಕ್ಕಳನ್ನು ಒಪ್ಪಿಸಿದರು, ವಕೀಲರಲ್ಲವೆ! ಕಸ್ತೂರಬಾ ಮಾತ್ರ ಸುಲಭವಾಗಿ ಒಪ್ಪಲಿಲ್ಲ. ನಾಳೆ ಬರುವ ಸೊಸೆಯರಿಗೆ ಬೇಡವೆ, ನನಗೆ ಕೊಟ್ಟ ಹಾರದ ಮೇಲೆ ನಿಮಗೇನು ಅಧಿಕಾರ, ನಿಮ್ಮ ಸೇವೆಯೆಂಬುದರಲ್ಲಿ ಹಗಲಿರುಳು ದುಡಿದ ನನ್ನ ಪಾಲಿಲ್ಲವೆ ಎಂದು ಕಣ್ಣೀರಿಟ್ಟು ವಾದಿಸಿದರು. ಆ ವಾದದಲ್ಲಿ ನ್ಯಾಯವಿತ್ತೆಂದೇ ನನಗೆ ತೋರುತ್ತದೆ. ಗಾಂಧಿಯವರೂ ಅವುಗಳಲ್ಲಿ ಕೆಲವು ಮಾತು ನಾಟಿದವೆಂದು ಮರೆಮಾಚದೆ ಬರೆದಿದ್ದಾರೆ. ಆದರೆ ಒಡವೆಗಳು ಹಿಂದಕ್ಕೆ ಹೋದವು; ಬ್ಯಾಂಕಿನಲ್ಲಿ ನಿಧಿಯಾಗಿ ನಿಂತವು.

1915ರಲ್ಲಿ ಅವರು ಭಾರತಕ್ಕೆ ಮರಳಿದರು. ಆ ವರ್ಷ ಮುಂಬಯಿಯ ಕಾಂಗ್ರೆಸ್ಸಿನಲ್ಲಿ ಬಾಲಕನೊಬ್ಬನು ಹಿಂದೆಂದೋ ಕೊಟ್ಟಿದ್ದ ಮೋಟು ಪೆನ್ಸಿಲೊಂದು ಕಾಣದೆ, ಅದು ದೊರೆಯುವವರೆಗೂ ಹುಡುಕಿದರೆಂದು ಕಾಕಾ ಕಾಲೇಲಕರರು ದಾಖಲಿಸಿದ್ದಾರೆ. ಮೋಟು ಪೆನ್ಸಿಲಿಗೆ ಈ ಪಾಡಾದರೆ ಕೋಟಿ ರೂಪಾಯಿಗೆ ಏನಾದೀತು? ಆ ಪರೀಕ್ಷೆ 1921ರಲ್ಲಿ ಬಂದಿತು. ತಿಲಕರ ಹೆಸರಿನಲ್ಲಿ ಸ್ವರಾಜ್ಯನಿಧಿಗೆ ಜೂನ್ 30ರೊಳಗೆ ಒಂದು ಕೋಟಿ ರೂಪಾಯಿಯನ್ನು ಕೂಡಿಸುವುದೆಂದು ಬೆಜವಾಡದಲ್ಲಿ ನಿಶ್ಚಯವಾಯಿತು. ಆಳುವವರು ನಕ್ಕರು. ಹೆಂಗಸರು ಸಭೆಗಳಲ್ಲಿ ಬಳೆ ಕಳಚಿ ಕೊಟ್ಟರು, ಕೂಲಿಗಳು ಕಾಸು ಕೊಟ್ಟರು, ಗಿರಣಿಯ ಒಡೆಯರು ಲಕ್ಷ ಕೊಟ್ಟರು. ಗಡುವಿನೊಳಗೆ ಕೋಟಿ ತುಂಬಿತು.

ಇಲ್ಲಿ ಗಾಂಧಿಯವರ ಸ್ಥಿತಿ ನೇಟಾಲಿನಂತಿರಲಿಲ್ಲ. ಅಲ್ಲಿ ಪುಸ್ತಕವನ್ನು ಅವರೇ ಬರೆಯುತ್ತಿದ್ದರು. ಇಲ್ಲಿ ಹಣ ಪ್ರಾಂತ ಪ್ರಾಂತದ ಸಮಿತಿಗಳ ಕೈಯಲ್ಲಿ ಹರಿದುಹೋಯಿತು. ಆಕ್ಷೇಪಣೆಗಳು ಎದ್ದವು. ಕಾಂಗ್ರೆಸ್ಸು ಲೆಕ್ಕಗಳನ್ನು ಪ್ರಕಟಿಸಿತು. ಅತ್ಯಂತ ಕಠೋರವಾದ ಟೀಕೆ ಬಂದದ್ದು ಬಹುಕಾಲದ ಮೇಲೆ, ಡಾಕ್ಟರ್ ಅಂಬೇಡಕರರಿಂದ. 1921ರಿಂದ 1923ರವರೆಗೆ ಆ ನಿಧಿಯಿಂದ ಮಂಜೂರಾದ ಸುಮಾರು 49 ಲಕ್ಷ ರೂಪಾಯಿಗಳಲ್ಲಿ ಅಸ್ಪೃಶ್ಯರ ಏಳಿಗೆಗೆ ಸಂದದ್ದು 43 ಸಾವಿರ ಚಿಲ್ಲರೆ ಮಾತ್ರವೆಂದು ಅವರು 1945ರ ತಮ್ಮ ಗ್ರಂಥದಲ್ಲಿ ಎತ್ತಿ ತೋರಿಸಿದರು. ಕದ್ದರೆಂಬ ಆರೋಪ ಇದಲ್ಲ. ಕೊಟ್ಟವನ ಕಣ್ಣಮುಂದೆ ಒಂದು ಉದ್ದೇಶವನ್ನು ಹಿಡಿದು, ಖರ್ಚಿನ ವೇಳೆಗೆ ಅದನ್ನು ಕಟ್ಟಕಡೆಗೆ ನೂಕಿದಿರಿ ಎಂಬ ಆರೋಪ; ನನ್ನ ದೃಷ್ಟಿಯಲ್ಲಿ ಇದು ಕಳವಿನ ಆರೋಪಕ್ಕಿಂತ ಉತ್ತರಿಸಲು ಕಷ್ಟವಾದದ್ದು. ಲೆಕ್ಕ ಅಚ್ಚಾಗಿದ್ದುದರಿಂದಲೇ ಟೀಕಾಕಾರರಿಗೆ ಆ ಅಂಕಿಗಳನ್ನು ಮುಂದಿಡುವುದು ಸಾಧ್ಯವಾಯಿತೆಂಬುದನ್ನೂ ಹೇಳಬೇಕು.

ಕನ್ನಡನಾಡಿಗೆ ಅವರು ಜೋಳಿಗೆ ಹಿಡಿದು ಬಂದದ್ದು ಮುಖ್ಯವಾಗಿ ಎರಡು ಸಲ. 1927ರ ವಸಂತದಲ್ಲಿ ರಕ್ತದೊತ್ತಡದಿಂದ ಬಳಲಿ ನಂದಿಬೆಟ್ಟದಲ್ಲಿ ವಿಶ್ರಮಿಸಿ, ಚೇತರಿಸಿಕೊಂಡಮೇಲೆ ಮೈಸೂರು ಸಂಸ್ಥಾನದ ಊರುಗಳಲ್ಲಿ ಖಾದಿಗಾಗಿ ಹಣವನ್ನು ಕೂಡಿಸಿದರು. ಅದು 1925ರಲ್ಲಿ ಸ್ಥಾಪಿತವಾಗಿದ್ದ ಚರಕಾ ಸಂಘದ ಬೊಕ್ಕಸಕ್ಕೆ ಸೇರತಕ್ಕ ಹಣ. ಎರಡನೆಯದು 1934ರ ಹರಿಜನ ಪ್ರವಾಸ. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು ಒಂಬತ್ತು ತಿಂಗಳಲ್ಲಿ ಹನ್ನೆರಡೂವರೆ ಸಾವಿರ ಮೈಲಿ ಸುತ್ತಿದ ಆ ಯಾತ್ರೆ, ಜನವರಿಯ ಮೊದಲ ವಾರದಲ್ಲಿ ಮೈಸೂರು ಸೀಮೆಗೆ ಬಂದಿತು. ನಂಜನಗೂಡಿನ ಕಡೆ ತಗಡೂರು, ಬದನವಾಳುಗಳ ನೂಲುವವರ ನಡುವೆಯೂ ಅವರು ಬಂದು ಹೋದರು.

ಆ ಯಾತ್ರೆಯಲ್ಲಿ ಅವರು ಬೇಡಿದ ರೀತಿಯನ್ನು ಒಮ್ಮೆ ಕಲ್ಪಿಸಿಕೊಳ್ಳಬೇಕು. ರೈಲು ನಿಂತಲ್ಲೆಲ್ಲ, ನಡುರಾತ್ರಿಯಾದರೂ, ಕಿಟಕಿಯಿಂದ ಅಂಗೈ ಹೊರಗೆ ಬರುತ್ತಿತ್ತು. ಹಸ್ತಾಕ್ಷರ ಬೇಕೆಂದವರು ಐದು ರೂಪಾಯಿಯನ್ನು ತೆರಬೇಕು. ಬಿನ್ನವತ್ತಳೆ ಇಟ್ಟು ತಂದ ಬೆಳ್ಳಿಯ ಕರಂಡವನ್ನು ಅದೇ ಸಭೆಯಲ್ಲಿ ಹರಾಜು ಹಾಕುತ್ತಿದ್ದರು. ಮಾನಪತ್ರ ಅರ್ಪಿಸಿದ ಗಣ್ಯರಿಗೆ ಆ ಹೊತ್ತಿನಲ್ಲಿ ಏನೆನಿಸಿತ್ತೋ! ಕಾಸನ್ನು ಅವರು ಬರಿಯ ಕಾಸೆಂದು ಪಡೆಯಲಿಲ್ಲ. ಕೊಟ್ಟವನು ಮುಟ್ಟುಗೋಳಿನ ಪಾಪವನ್ನು ತೊರೆದ ಗುರುತೆಂದು ಪಡೆದರು. ಕೊಟ್ಟು ಹೋದವರೆಲ್ಲ ಅದನ್ನು ತೊರೆದರೆ ಎಂಬುದು ಬೇರೆ ಪ್ರಶ್ನೆ. ನಮ್ಮ ಸೀಮೆಯ ಊರುಗಳ ಕೇರಿ, ಬಾವಿ, ಗುಡಿಬಾಗಿಲುಗಳನ್ನು ಬಲ್ಲವರಿಗೆ ಅದರ ಉತ್ತರ ತಿಳಿದೇ ಇದೆ.

ಮೈಸೂರಿನಿಂದ ಮಲಬಾರಿಗೆ ಇಳಿದಾಗ ಬಡಗರ ಎಂಬಲ್ಲಿ ಕೌಮುದಿ ಎಂಬ ಹದಿನಾರು ವರ್ಷದ ಹುಡುಗಿ ಹಸ್ತಾಕ್ಷರಕ್ಕೆಂದು ಬಂದು ಬಳೆ ಕೊಟ್ಟಳು, ಕೊರಳ ಸರ ಕೊಟ್ಟಳು, ಕಡೆಗೆ ಕಿವಿಯೋಲೆಯನ್ನೂ ತೆಗೆದಳು. ತಂದೆತಾಯಿಗಳ ಒಪ್ಪಿಗೆ ಇದೆಯೇ ಎಂದು ಗಾಂಧಿಯವರು ವಿಚಾರಿಸಿದರು. ಮತ್ತೆ ಹೊಸ ಒಡವೆ ಮಾಡಿಸಿಕೊಳ್ಳುವುದಿಲ್ಲವೆಂಬ ಮಾತನ್ನೂ ಪಡೆದರು. ಈ ಎರಡನೆಯ ಕರಾರು ಗಮನಿಸತಕ್ಕದ್ದು. ತಂದೆಯ ಪೆಟ್ಟಿಗೆಯಿಂದ ಮರುದಿನವೇ ತುಂಬಿಬರುವ ದಾನ ಅವರಿಗೆ ದಾನವಾಗಿ ತೋರುತ್ತಿರಲಿಲ್ಲ. ಅದೇ ದಿನಗಳಲ್ಲಿ ಅವರು ಗುಂಡ್ಲುಪೇಟೆಯ ಗಡಿಯಾಚೆಯ ವೈನಾಡಿನ ಕಲ್ಪೆಟ್ಟಕ್ಕೂ ಹೋಗಿದ್ದರು. ಇತ್ತ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಯಿತು. ಹರಿಜನ ನಿಧಿಗೆಂದು ಹೊರಟ ಅವರು ಬಿಹಾರಕ್ಕೂ ಬೇಡತೊಡಗಿದರು. ಯಾತ್ರೆ ಮುಗಿದಾಗ ಹರಿಜನ ನಿಧಿಗೆ ಎಂಟು ಲಕ್ಷ ರೂಪಾಯಿ ಸೇರಿತ್ತು. ಅದನ್ನು ಹರಿಜನ ಸೇವಕ ಸಂಘದ ಮೂಲಕ ಬಾವಿ, ಶಾಲೆ, ವಿದ್ಯಾರ್ಥಿನಿಲಯಗಳಿಗೆ ವ್ಯಯಮಾಡುವ ವ್ಯವಸ್ಥೆಯಾಗಿತ್ತು. ಕಾರ್ಯದರ್ಶಿಗಳು ಠಕ್ಕರ್ ಬಾಪಾ.

ಇಷ್ಟೆಲ್ಲ ಲಕ್ಷ ಕೋಟಿಗಳನ್ನು ಹೇಳಿದಮೇಲೆ ನಾಲ್ಕು ರೂಪಾಯಿಯ ಸಂಗತಿಯೊಂದನ್ನು ಹೇಳದಿದ್ದರೆ ಈ ಜೀವನಕಥೆ ಅಪೂರ್ಣವಾಗುತ್ತದೆ. ಅದು 1929ರದು. ಆಶ್ರಮದ ನಿವಾಸಿಗಳು ತಮಗೆ ಬಂದ ಕಾಣಿಕೆಯನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಕಛೇರಿಗೆ ಒಪ್ಪಿಸಬೇಕೆಂಬುದು ನಿಯಮ. ಹಿಂದೊಮ್ಮೆ ಕಸ್ತೂರಬಾ ಅವರು ಬಂದವರು ಕೊಟ್ಟಿದ್ದ ಒಂದೆರಡು ನೂರು ರೂಪಾಯಿಗಳನ್ನು ಕೋಣೆಯಲ್ಲಿ ಇಟ್ಟುಕೊಂಡಿದ್ದುದು, ಕಳ್ಳರು ನುಗ್ಗಿದ ದೆಸೆಯಿಂದ ಹೊರಬಿದ್ದಿತ್ತು, ಅವರು ಪಶ್ಚಾತ್ತಾಪಪಟ್ಟಿದ್ದರು. ಅನಂತರ ಯಾರೋ ಅಪರಿಚಿತರು ಕೊಟ್ಟ ನಾಲ್ಕು ರೂಪಾಯಿ ಅವರ ಬಳಿಯೇ ಉಳಿಯಿತು. ಗಾಂಧಿಯವರು ಇದನ್ನು ಮನೆಯೊಳಗೆ ಮುಗಿಸಲಿಲ್ಲ. ಹೆಂಡತಿಯ ಹೆಸರು ಹಿಡಿದು, ಅವರ ಗುಣಗಳನ್ನೂ ಈ ದೋಷವನ್ನೂ ಕೂಡಿಯೇ ಬರೆದು, ನವಜೀವನ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮಹಾತ್ಮರ ಕಡೆಗೆ ಪೂರ್ತಿಯಾಗಿ ವಾಲುವುದಿಲ್ಲ. ಅರವತ್ತು ವರ್ಷದ ಗೃಹಿಣಿ, ಮೊಮ್ಮಕ್ಕಳಿದ್ದಾಕೆ. ನಾಲ್ಕು ರೂಪಾಯಿಗಾಗಿ ದೇಶದೆದುರು ತಲೆತಗ್ಗಿಸಬೇಕಾಗಿತ್ತೆ? ಹಾಗೆಂದು ಪುಸ್ತಕವನ್ನು ಮಡಿಚಿಡಲೂ ಆಗುವುದಿಲ್ಲ. ತನ್ನ ಮನೆಯ ನಾಲ್ಕು ರೂಪಾಯಿಯನ್ನು ಮರೆಸುವವನು ಮುಂದೆ ರೈಲಿನ ಕಿಟಕಿಯಲ್ಲಿ ಕೈಚಾಚಿದಾಗ, ಆ ಅಂಗೈಯ ಮೇಲೆ ಕಾಸನ್ನಿಟ್ಟ ಕೂಲಿಯವನು ಯಾವ ನೆಚ್ಚಿಕೆಯ ಮೇಲೆ ಇಡಬೇಕಾಗಿತ್ತು? ಅವನು ವಾರ್ಧಾದ ಕಛೇರಿಗೆ ಹೋಗಿ ಪುಸ್ತಕವನ್ನು ತೆಗೆಸಿ ನೋಡುವವನಲ್ಲ. ತಂಬಿಗೆಯ ಅಕ್ಕಿಯಂತೆ ಸಂಜೆಗೆ ಅವನ ಎಲೆಗೆ ಅದು ಮರಳಿ ಬರುವುದೂ ಇಲ್ಲ.

1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಕಣ್ಮುಚ್ಚಿದರು. ಅವರ ಸ್ಮಾರಕಕ್ಕಾಗಿ, ಗಾಂಧಿಯವರಿಗೆ ಎಪ್ಪತ್ತೈದು ತುಂಬುವ ಆ ವರ್ಷದ ಅಕ್ಟೋಬರ್ 2ರೊಳಗೆ ಎಪ್ಪತ್ತೈದು ಲಕ್ಷ ರೂಪಾಯಿಯನ್ನು ಕೂಡಿಸಲು ದೇಶದ ಜನ ಹೊರಟರು. ಬಂದದ್ದು ಕೋಟಿಯನ್ನು ಮೀರಿತು. ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಹೊರತು ಇನ್ನಾವುದಕ್ಕೂ ಅದು ವೆಚ್ಚವಾಗಕೂಡದೆಂದು ಗಾಂಧಿಯವರು ಕಟ್ಟುಮಾಡಿದರು. ನ್ಯಾಸದ ಅಧ್ಯಕ್ಷತೆಯನ್ನು ತಾವೇ ವಹಿಸಿದರು. 1948ರ ಜನವರಿ 30ರಂದು ದೆಹಲಿಯಲ್ಲಿ ಗುಂಡಿಗೆ ಬಲಿಯಾಗುವವರೆಗೂ ಅದರ ಚಿಂತೆ ಅವರನ್ನು ಬಿಟ್ಟಿರಲಿಲ್ಲ. ಆ ನ್ಯಾಸದ ಕರ್ನಾಟಕ ಶಾಖೆ ಅರಸೀಕೆರೆಯ ಬಳಿಯ ಕಸ್ತೂರಬಾ ಗ್ರಾಮದಲ್ಲಿ ನೆಲೆಯೂರಿತು. ಹಳ್ಳಿಯ ಹೆಣ್ಣುಮಕ್ಕಳು ಸೇವಿಕೆಯರಾಗಿ ತರಬೇತಾಗಿ ಅಲ್ಲಿಂದ ತಮ್ಮ ತಮ್ಮ ಊರುಗಳ ಕಡೆಗೆ ಹೊರಟರು.