ಭಾರತದ ಸರಕಿಗೆ ಭಾರತದ ಹಡಗು: ವಾಲಚಂದ್ ಹೀರಾಚಂದ್ ಸಾಹಸಗಾಥೆ

ಏಪ್ರಿಲ್ 5 ರಾಷ್ಟ್ರೀಯ ಕಡಲಯಾನ ದಿನ. 1919ರ ಇದೇ ದಿನ ‘ಲಾಯಲ್ಟಿ’ ಎಂಬ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತ್ತು. ಭಾರತೀಯರ ಒಡೆತನದ ಕಂಪನಿಯೊಂದು ಬ್ರಿಟಿಷ್ ಹಡಗು ಸಂಸ್ಥೆಗಳ ಏಕಸ್ವಾಮ್ಯಕ್ಕೆ ಒಡ್ಡಿದ ಸವಾಲು ಅದು. ಅದರ ಹಿಂದಿದ್ದ ಪ್ರಮುಖ ಶಕ್ತಿ ವಾಲಚಂದ್ ಹೀರಾಚಂದ್.

1882ರಲ್ಲಿ ಸೊಲ್ಲಾಪುರದ ಗುಜರಾತಿ ಜೈನ ವ್ಯಾಪಾರಿ ಕುಟುಂಬದಲ್ಲಿ ಜನಿಸಿದ ವಾಲಚಂದ್, ಮನೆತನದ ಲೇವಾದೇವಿ ಹಾಗೂ ಹತ್ತಿಯ ವ್ಯಾಪಾರಕ್ಕೆ ಅಂಟಿಕೊಳ್ಳಲಿಲ್ಲ. ರೈಲುಮಾರ್ಗ ನಿರ್ಮಾಣದ ಗುತ್ತಿಗೆಯಲ್ಲಿ ಹೆಸರು ಮಾಡಿದರು. ಮೊದಲ ಮಹಾಯುದ್ಧದ ನಂತರ ಹಡಗುಗಳ ಅಭಾವ ತಲೆದೋರಿದ್ದಾಗ, ಗ್ವಾಲಿಯರ್ ಮಹಾರಾಜರ ಆಸ್ಪತ್ರೆ ಹಡಗು ‘ಲಾಯಲ್ಟಿ’ ಮಾರಾಟಕ್ಕಿರುವ ಸುದ್ದಿ ಅವರ ಕಿವಿಗೆ ಬಿತ್ತು. ನರೋತ್ತಮ ಮುರಾರ್ಜಿ, ಕಿಲಾಚಂದ್ ದೇವಚಂದ್ ಮತ್ತು ಲಲ್ಲೂಭಾಯಿ ಸಾಮಲದಾಸ್ ಅವರೊಡಗೂಡಿ ಅದನ್ನು ಖರೀದಿಸಿದರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿದ್ದು ಹೀಗೆ.

ಹಡಗು ಕೊಳ್ಳುವುದಕ್ಕಿಂತ ಅದಕ್ಕೆ ಸರಕು ದೊರಕಿಸುವುದೇ ಕಠಿಣವಾಗಿತ್ತು. ಲಾರ್ಡ್ ಇಂಚ್‌ಕೇಪ್ ಹಿಡಿತದಲ್ಲಿದ್ದ ಬ್ರಿಟಿಷ್ ಇಂಡಿಯಾ ಕಂಪನಿ ಬರ್ಮಾ ಹಾಗೂ ಭಾರತದ ಕರಾವಳಿ ಸಾಗಣೆಯನ್ನು ಆಳುತ್ತಿತ್ತು. ಹೊಸಬರು ಕಣಕ್ಕಿಳಿದೊಡನೆ ಬಾಡಿಗೆ ದರವನ್ನು ನಷ್ಟದ ಮಟ್ಟಕ್ಕೆ ಇಳಿಸುವುದು ಇಂಥ ಕಂಪನಿಗಳ ತಂತ್ರ. ವ್ಯಾಪಾರಿ ತೆತ್ತ ಬಾಡಿಗೆಯ ಒಂದು ಪಾಲನ್ನು ತಿಂಗಳುಗಟ್ಟಲೆ ತಡೆದಿಟ್ಟುಕೊಂಡು, ಆತ ಬೇರೆ ಹಡಗಿಗೆ ಸರಕು ಕೊಡದಿದ್ದರೆ ಮಾತ್ರ ಮರಳಿಸುವ ಪದ್ಧತಿಯೂ ಇತ್ತು. ದರದ ಸಮರಕ್ಕಿಂತಲೂ ವ್ಯಾಪಾರಿಯ ಕೈಕಟ್ಟಿಹಾಕುವ ಈ ರಿಯಾಯಿತಿ ಹೆಚ್ಚು ಅಪಾಯಕಾರಿಯಾಗಿತ್ತು.

ಬಂಡವಾಳ ಕರಗುತ್ತಿತ್ತು. ಕಂಪನಿಯನ್ನು ಕೊಳ್ಳಲು ಇಂಚ್‌ಕೇಪ್ ಮುಂದಾದಾಗ ಪಾಲುದಾರರು ಮಾರಲೊಪ್ಪಲಿಲ್ಲ. ಆದರೆ 1923ರಲ್ಲಿ ಹತ್ತು ವರ್ಷಗಳ ಒಪ್ಪಂದಕ್ಕೆ ತಲೆಬಾಗಬೇಕಾಯಿತು. ವಿದೇಶ ಮಾರ್ಗ ಹಾಗೂ ಪ್ರಯಾಣಿಕ ಸೇವೆ ಕೈತಪ್ಪಿದವು. ಹಡಗುಗಳ ಒಟ್ಟು ಸಾಮರ್ಥ್ಯಕ್ಕೂ ಮಿತಿ ಬಿತ್ತು. ಅದು ಸೋಲಿನಂತೆ ಕಂಡರೂ ಕಂಪನಿಯ ಉಸಿರು ಉಳಿಯಿತು. 1928ರಲ್ಲಿ ಎಸ್.ಎನ್. ಹಾಜಿ ಅವರು ಕರಾವಳಿ ಸಾಗಣೆಯನ್ನು ಭಾರತೀಯ ಹಡಗುಗಳಿಗೆ ಮೀಸಲಿಡುವ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದಾಗ ಸಿಂಧಿಯಾ ಅದರ ಬೆನ್ನಿಗೆ ನಿಂತಿತು. 1929ರಲ್ಲಿ ನರೋತ್ತಮ ಮುರಾರ್ಜಿ ನಿಧನರಾದ ಮೇಲೆ ವಾಲಚಂದ್ ಅಧ್ಯಕ್ಷರಾದರು.

ಹಡಗು ಓಡಿಸಿದವರಿಗೆ ಹಡಗು ಕಟ್ಟುವ ಹಂಬಲ ಮೂಡಿದ್ದು ಸಹಜ. 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದ್ ಶಿಲಾನ್ಯಾಸ ನೆರವೇರಿಸಿದರು. 1948ರಲ್ಲಿ ಅಲ್ಲಿ ನಿರ್ಮಿಸಿದ ‘ಜಲ ಉಷಾ’ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು.

ಕನ್ನಡ ನಾಡಿಗೂ ವಾಲಚಂದ್ ಅವರ ಋಣವಿದೆ. ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಗೆ ನೆಲೆ ಅರಸುತ್ತಿದ್ದ ಅವರಿಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಭೂಮಿಯನ್ನೂ ಬಂಡವಾಳವನ್ನೂ ನೀಡಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಇಂದಿನ ಎಚ್‌ಎಎಲ್‌ನ ಮೂಲ ಅದೇ.

ವಿಪರ್ಯಾಸವೆಂದರೆ, ಕಟ್ಟಿದ ಎರಡೂ ಸಂಸ್ಥೆಗಳು ಅವರ ಕಣ್ಣೆದುರೇ ಕೈಬಿಟ್ಟವು. 1942ರಲ್ಲಿ ವಿಮಾನ ಕಾರ್ಖಾನೆಯ ಆಡಳಿತ ಬ್ರಿಟಿಷ್ ಇಂಡಿಯಾ ಸರ್ಕಾರದ ವಶವಾಯಿತು. 1952ರಲ್ಲಿ ಹಡಗುಕಟ್ಟೆಯೂ ಸ್ವತಂತ್ರ ಭಾರತ ಸರ್ಕಾರದ ಹತೋಟಿಗೆ ಹೋಯಿತು. ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ವಾಲಚಂದ್ 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಕೊನೆಯುಸಿರೆಳೆದರು. ಅಷ್ಟರಲ್ಲಿ ಕರಾವಳಿ ಸಾಗಣೆ ಭಾರತೀಯ ಹಡಗುಗಳಿಗೆ ಮೀಸಲಾಗಿತ್ತು. ಸಿಂಧಿಯಾದ ಹಡಗುಗಳು ಈಗ ಕಡಲಲ್ಲಿಲ್ಲ. ಆದರೆ ತನ್ನ ಸರಕನ್ನು ತಾನೇ ಸಾಗಿಸಲಾರದ ದೇಶದ ವ್ಯಾಪಾರ ಪರರ ಮರ್ಜಿಯಲ್ಲೇ ಇರುತ್ತದೆ ಎಂಬುದನ್ನು ಮನಗಾಣಿಸಿದ್ದು ಅವರ ಬದುಕು.